ಆರ್‌ಎಫ್‌ಐಡಿ ಕಂಟ್ರೋಲರ್‌ಗಳ ಸಿಆರ್‌ಸಿ ತಪಾಸಣೆ: ಆನ್ ಮಾಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ

ಕಾರ್ಖಾನೆಗಳಲ್ಲಿ ವಸ್ತುಗಳ ಜೊತೆ ಸಾಗುವ ಟ್ಯಾಗ್‌ಗೆ (ಡೇಟಾ ಇಡುವ ಪುಟ್ಟ ಚಿಪ್‌ಗೆ) ರೇಡಿಯೊ ಮೂಲಕ ಬರೆದು, ಅದರಿಂದ ಓದುವ 13.56 ಮೆಗಾಹರ್ಟ್ಸ್ ಆರ್‌ಎಫ್‌ಐಡಿ ಕಂಟ್ರೋಲರ್‌ಗಳಲ್ಲಿ ಡೇಟಾ ಸರಿಯಿದೆಯೇ ಎಂದು ನೋಡಲು ಎರಡು ಸೌಲಭ್ಯಗಳು ಹೆಚ್ಚಾಗಿ ಕಾಣಸಿಗುತ್ತವೆ. ಒಂದು, ಎರಡು ಸಲ ಓದಿ ತಾಳೆ ನೋಡುವುದು. ಇನ್ನೊಂದು, ಡೇಟಾ ಜೊತೆಗೆ ಸಿಆರ್‌ಸಿ-16 ಅನ್ನು (ಡೇಟಾದಿಂದಲೇ ಲೆಕ್ಕ ಹಾಕಿದ 16 ಬಿಟ್‌ನ ತಪಾಸಣಾ ಸಂಖ್ಯೆಯನ್ನು) ಟ್ಯಾಗ್‌ನಲ್ಲೇ ಬರೆದಿಡುವುದು. ಆಯ್ಕೆ ಮಾಡಬೇಕಾದದ್ದು ಎರಡನೆಯದನ್ನೇ.

ಈ ಟ್ಯಾಗ್‌ಗಳ ಮಾನದಂಡವಾದ ಐಎಸ್‌ಒ 15693 ಪ್ರಕಾರ ಪ್ರತಿ ಫ್ರೇಮ್‌ಗೂ (ಒಂದು ಸಲಕ್ಕೆ ಕಳಿಸುವ ಸಂದೇಶಕ್ಕೂ) ಸಿಆರ್‌ಸಿ ಇದ್ದೇ ಇದೆ, ಮತ್ತೊಂದು ಯಾಕೆ ಎಂಬ ಪ್ರಶ್ನೆ ಸಹಜ. ಆ ಸಿಆರ್‌ಸಿ ಕಾಯುವುದು ರೀಡರ್‌ಗೂ ಟ್ಯಾಗ್‌ಗೂ ನಡುವೆ ಓಡಾಡುವ ಆ ಒಂದು ಫ್ರೇಮನ್ನು ಮಾತ್ರ. ಐಕೋಡ್ ಸ್ಲಿಕ್ಸ್ ಚಿಪ್ ತೆಗೆದುಕೊಳ್ಳಿ: 4 ಬೈಟ್‌ನ 28 ಬ್ಲಾಕ್, ಒಟ್ಟು 112 ಬೈಟ್. 40 ಬೈಟ್‌ನ ದಾಖಲೆಗೆ 10 ಬ್ಲಾಕ್ ಬೇಕು. ಆರನೇ ಬ್ಲಾಕ್ ಮುಗಿದಾಗ ಟ್ಯಾಗ್ ಹೊತ್ತ ಪ್ಯಾಲೆಟ್ ರೀಡರ್‌ನ ಹೆಡ್ (ಆಂಟೆನಾ ಭಾಗ) ದಾಟಿಹೋಯಿತು ಅನ್ನಿ. ಮೊದಲ 24 ಬೈಟ್ ಹೊಸದು, ಉಳಿದ 16 ಹಳೆಯದು. ಮುಂದಿನ ಸ್ಟೇಷನ್‌ನಲ್ಲಿ ಎಲ್ಲ ಫ್ರೇಮ್‌ಗಳೂ ಸರಿಯಾಗಿಯೇ ಬರುತ್ತವೆ, ದಾಖಲೆ ಮಾತ್ರ ಕಲಬೆರಕೆ. ಎರಡು ಸಲ ಓದಿದರೆ ಅದೇ ಕಲಬೆರಕೆ ಎರಡು ಸಲ ಸಿಗುತ್ತದೆ, ಮೇಲಾಗಿ ಓದುವ ಸಮಯವೂ ದುಪ್ಪಟ್ಟಾಗುತ್ತದೆ. ಟ್ಯಾಗ್‌ನಲ್ಲಿ ಬರೆದಿಟ್ಟ ಸಿಆರ್‌ಸಿಯಾದರೆ ಈ ಕಲಬೆರಕೆಗೆ ತಾಳೆಯಾಗದೆ ಎರರ್ ತೋರಿಸುತ್ತದೆ.

ಸಮಯದ ಲೆಕ್ಕವನ್ನು ಮೊದಲೇ ಹಾಕಬೇಕು. ಹೆಡ್‌ನ ಫೀಲ್ಡ್ (ಟ್ಯಾಗ್ ಅದಕ್ಕೆ ಸಿಗುವ ವ್ಯಾಪ್ತಿ) 60 ಮಿ.ಮೀ., ಕನ್ವೇಯರ್ ವೇಗ ಸೆಕೆಂಡಿಗೆ ಅರ್ಧ ಮೀಟರ್ ಇದ್ದರೆ ಟ್ಯಾಗ್ ಎದುರಿಗಿರುವುದು 120 ಮಿಲಿಸೆಕೆಂಡ್. ಇಇಪ್ರಾಮ್ (ಬರೆಯಲು ನಿಧಾನವಾದ ಮೆಮೊರಿ) ಟ್ಯಾಗ್‌ನಲ್ಲಿ ಒಂದು ಬ್ಲಾಕ್ ಬರೆಯಲು ಸುಮಾರು 10 ಮಿಲಿಸೆಕೆಂಡ್ ಹಿಡಿದರೂ 10 ಬ್ಲಾಕ್‌ಗೇ 100 ಹೋಯಿತು. ಬರೆದದ್ದನ್ನು ಮತ್ತೆ ಓದಿ ನೋಡಲು ಹೆಚ್ಚು ಸಮಯ ಉಳಿಯಲಿಲ್ಲ. ಪ್ಯಾಲೆಟ್ ನಿಲ್ಲಿಸಿ ಬರೆಯಿರಿ, ಇಲ್ಲವೇ ಎಫ್‌ರಾಮ್ (ಬೇಗ ಬರೆಯಬಲ್ಲ ಮೆಮೊರಿ) ಟ್ಯಾಗ್ ಹಾಕಿ. ಅದರಲ್ಲಿ ಇಇಪ್ರಾಮ್‌ನಂತೆ ಪ್ರತಿ ಬ್ಲಾಕ್‌ಗೂ ಕಾಯಬೇಕಿಲ್ಲ.

ಸಿಆರ್‌ಸಿ ಮೋಡ್‌ನಲ್ಲಿ ಎಡವುವ ಜಾಗಗಳು ಎರಡು. ಹೊಸ ಟ್ಯಾಗನ್ನು ಮೊದಲು ಇನಿಶಿಯಲೈಸ್ ಮಾಡಬೇಕು (ಡೇಟಾಗೆ ತಾಳೆಯಾಗುವ ಸಿಆರ್‌ಸಿ ಬರೆದಿಡಬೇಕು), ಇಲ್ಲದಿದ್ದರೆ ಮೊದಲ ಓದಿಗೇ ಎರರ್ ಬರುತ್ತದೆ. ಎರಡನೆಯದು ಹೆಚ್ಚು ಕಾಡುವಂಥದ್ದು: ಲೈನ್‌ನಲ್ಲಿ ಒಂದೇ ಒಂದು ಸ್ಟೇಷನ್‌ನಲ್ಲಿ ಈ ಮೋಡ್ ಆಫ್ ಇದ್ದರೂ ಅದು ಸಿಆರ್‌ಸಿ ಬದಲಿಸದೆ ಡೇಟಾ ಬರೆದುಬಿಡುತ್ತದೆ. ಎರರ್ ಕಾಣುವುದು ಮುಂದಿನ ಸ್ಟೇಷನ್‌ನಲ್ಲಿ, ಹಾಗಾಗಿ ತಪ್ಪೇನೂ ಮಾಡದ ಆ ಹೆಡ್ಡನ್ನೇ ಬಿಚ್ಚಿ ನೋಡುತ್ತಾ ಹೊತ್ತು ಕಳೆಯುತ್ತದೆ. ಸಿಆರ್‌ಸಿಗೂ ಟ್ಯಾಗ್‌ನಲ್ಲೇ ಜಾಗ ಬೇಕಾದ್ದರಿಂದ ಬಳಸಲು ಸಿಗುವ ಬೈಟ್‌ಗಳು ಕಡಿಮೆಯಾಗುತ್ತವೆ. ಪಿಎಲ್‌ಸಿಯಲ್ಲಿ (ಲೈನನ್ನು ನಡೆಸುವ ಕಂಪ್ಯೂಟರ್‌ನಲ್ಲಿ) ವಿಳಾಸಗಳನ್ನು ಹಂಚುವ ಮೊದಲೇ ಇದನ್ನು ನೋಡಿಕೊಳ್ಳಿ.

ಇಷ್ಟಾದರೂ ಕಂಟ್ರೋಲರ್ ಹಿಡಿಯಲಾಗದ್ದು ಇದೆ. ಒಂದು ಟ್ಯಾಗ್‌ನ ಪೂರ್ತಿ ಡೇಟಾ ಇನ್ನೊಂದಕ್ಕೆ ಹೋದರೆ ಸಿಆರ್‌ಸಿ ಸರಿಯಾಗಿಯೇ ಇರುತ್ತದೆ. ಅದಕ್ಕೆ ಪಿಎಲ್‌ಸಿಯಲ್ಲಿ ನಿಮ್ಮದೇ ಸಿಆರ್‌ಸಿ ಇಡಿ, ಲೆಕ್ಕಕ್ಕೆ ಟ್ಯಾಗ್‌ನ 8 ಬೈಟ್ ಯುಐಡಿಯನ್ನೂ (ಪ್ರತಿ ಟ್ಯಾಗ್‌ಗೂ ಬೇರೆಯಾದ ಗುರುತಿನ ಸಂಖ್ಯೆಯನ್ನೂ) ಸೇರಿಸಿ. ಬರೆಯುವ ಆದೇಶದಲ್ಲೂ ಯುಐಡಿ ಕೊಡಿ. ಫೀಲ್ಡ್‌ನಲ್ಲಿ ಎರಡು ಟ್ಯಾಗ್ ಇದ್ದರೂ ಬೇರೆಯದಕ್ಕೆ ಹೋಗುವುದಿಲ್ಲ. ಡೇಟಾ ಮೊದಲು, ಸಿಆರ್‌ಸಿ ಇರುವ ಬ್ಲಾಕ್ ಕೊನೆಗೆ. ಹಳೆಯ ದಾಖಲೆಯೂ ಉಳಿಯಬೇಕೆಂದರೆ ಎರಡು ಜಾಗ ಮಾಡಿಕೊಂಡು, ಕ್ರಮಸಂಖ್ಯೆ ಹಾಕಿ, ಸರದಿಯಂತೆ ಬರೆಯಿರಿ.

ಸಿಆರ್‌ಸಿ-16 ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಗಳಿವೆ. "123456789" ಎಂಬ ಒಂಬತ್ತು ಅಕ್ಷರಗಳನ್ನು ಸಿಆರ್‌ಸಿ ಬರೆಯುವ ಕಡೆ, ಓದಿ ತಾಳೆ ನೋಡುವ ಕಡೆ ಎರಡರಲ್ಲೂ ಕೊಟ್ಟು ನೋಡಿ: ಎಕ್ಸ್-25 ಬಗೆಯಲ್ಲಿ ಹೆಕ್ಸ್ 906ಇ, ಎಕ್ಸ್‌ಮೋಡೆಮ್‌ನಲ್ಲಿ 31ಸಿ3 ಬರಬೇಕು. ಉತ್ತರ ಸರಿಯಿದ್ದು ಬೈಟ್‌ಗಳು ಮಾತ್ರ ಅದಲುಬದಲಾಗಿದ್ದರೆ ಬೈಟ್ ಕ್ರಮ ತಿದ್ದಿ. ಎಕ್ಸ್‌ಮೋಡೆಮ್ ಬಗೆಯನ್ನು ಟ್ಯಾಗ್‌ಗೆ ಬಳಸಲೇಬೇಡಿ. ಅದರ ಆರಂಭ ಮೌಲ್ಯ ಸೊನ್ನೆ; ಬರೀ ಸೊನ್ನೆಗಳಿಗೆ ಸಿಆರ್‌ಸಿಯೂ ಸೊನ್ನೆಯೇ. ಲೆಕ್ಕಕ್ಕೆ ಯುಐಡಿ ಸೇರಿಸದಿದ್ದರೆ, ಸೊನ್ನೆ ತುಂಬಿದ ಖಾಲಿ ಟ್ಯಾಗ್ ತಪಾಸಣೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಲೈನ್ ಒಪ್ಪಿಕೊಳ್ಳುವ ಮುಂಚೆ, ಬರೆಯುತ್ತಿರುವಾಗಲೇ ಟ್ಯಾಗನ್ನು ಕೈಯಿಂದ ಎಳೆದು ಮುಂದಿನ ಹೆಡ್‌ಗೆ ಹಿಡಿಯಿರಿ. ಬೇರೆ ಬೇರೆ ಕ್ಷಣಗಳಲ್ಲಿ ಐವತ್ತು ಸಲವಾದರೂ ಎಳೆಯಿರಿ. ಕಲಬೆರಕೆಯಾದ ಒಂದೇ ಒಂದು ದಾಖಲೆ ಎರರ್ ಇಲ್ಲದೆ ಪಾಸಾದರೂ ಸಹಿ ಹಾಕಬೇಡಿ.