ವಿಮ್‌ನ ವ್ಯಾಕರಣ, ನ್ಯಾನೋದ ಎರಡು ಸಾಲು

ಅನುವಾದ ನನ್ನ ಕೆಲಸ. ದಿನಕ್ಕೆ ಆರೇಳು ಗಂಟೆ ಪಠ್ಯ ಸಂಪಾದಕದ ಮುಂದೆಯೇ ಕಳೆಯುತ್ತೇನೆ. ಹಾಗಾಗಿ ವಿಮ್ ಮತ್ತು ನ್ಯಾನೋ ಎಂಬ ಎರಡು ಸಂಪಾದಕಗಳನ್ನೂ ತಲಾ ಮೂರು ತಿಂಗಳು ಬಳಸಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ವಿಮ್‌ನ ಜೊತೆಗೇ ಬರುವ ವಿಮ್‌ಟ್ಯೂಟರ್ ಎಂಬ ಅರ್ಧ ಗಂಟೆಯ ಪಾಠವನ್ನು ಮೊದಲು ಮುಗಿಸಿ. ಇಲ್ಲಿನ ಶಾರ್ಟ್‌ಕಟ್‌ಗಳು ಬಾಯಿಪಾಠದ ಪಟ್ಟಿಯಲ್ಲ, ಅವಕ್ಕೊಂದು ವ್ಯಾಕರಣವಿದೆ ಎಂಬುದು ಆಗ ತಿಳಿಯುತ್ತದೆ. ‘ಡಿ’ ಎಂದರೆ ಅಳಿಸು, ‘ಸಿ’ ಎಂದರೆ ಅಳಿಸಿ ಬೇರೆ ಬರೆ, ‘ಡಬ್ಲ್ಯು’ ಎಂದರೆ ಪದ. ಕ್ರಿಯಾಪದಕ್ಕೆ ಕರ್ಮ ಸೇರಿಸುತ್ತ ಹೋದರಾಯಿತು. ಚುಕ್ಕಿ ಒತ್ತಿದರೆ ಹಿಂದಿನ ಬದಲಾವಣೆ ಮತ್ತೊಮ್ಮೆ ನಡೆಯುತ್ತದೆ. ಇಂಗ್ಲಿಷ್ ಪದಪಟ್ಟಿಯೊಂದರಲ್ಲಿ ನಲವತ್ತು ಕಡೆ ಇದ್ದ ಒಂದೇ ತಪ್ಪನ್ನು ಹೀಗೆ ತಿದ್ದಿ ಮುಗಿಸಿದ ದಿನ ನನಗಾದ ಸಂತೋಷ ದೊಡ್ಡದು. ವಿಮ್‌ನಲ್ಲಿ ಬರೆಯಲು ಒಂದು ಸ್ಥಿತಿ, ಆಜ್ಞೆ ಕೊಡಲು ಇನ್ನೊಂದು. ಬರೆಯುವುದರಿಂದ ಆಜ್ಞೆಗೆ ಮರಳಲು ಒತ್ತಬೇಕಾದ ಎಸ್ಕೇಪ್ ಕೀಲಿ ಮಾತ್ರ ಬೆರಳಿಗೆ ದೂರ. ಬಿಲ್ ಜಾಯ್ 1970ರ ದಶಕದಲ್ಲಿ ವಿಮ್‌ನ ಪೂರ್ವಜ ವಿಐಯನ್ನು ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ (ಪರದೆ, ಕೀಲಿಮಣೆ ಒಟ್ಟಿಗಿದ್ದ ಅಂದಿನ ಯಂತ್ರ) ಅದು ಇಂದಿನ ಟ್ಯಾಬ್ ಕೀಲಿಯ ಜಾಗದಲ್ಲಿತ್ತು.

ಕನ್ನಡ ಬರೆಯತೊಡಗಿದಾಗ ನಿಜವಾದ ತೊಡಕು ಎದುರಾಯಿತು. ಎಸ್ಕೇಪ್ ಒತ್ತಿ ಆಜ್ಞೆಯ ಸ್ಥಿತಿಗೆ ಬಂದರೂ ಕೀಲಿಮಣೆ ಕನ್ನಡದಲ್ಲೇ ಉಳಿದಿರುತ್ತದೆ. ನಾನು ‘ಡಿ’ ಒತ್ತಿದರೆ ವಿಮ್‌ಗೆ ತಲುಪುವುದು ಕನ್ನಡದ ಅಕ್ಷರ, ಅದು ಆಜ್ಞೆಯಾಗುವುದಿಲ್ಲ. ಭಾಷೆ ಬದಲಿಸು, ತಿದ್ದು, ಮತ್ತೆ ಬದಲಿಸು: ಒಂದು ವಾಕ್ಯದಲ್ಲಿ ಮೂರು ಸಲ ಹೀಗಾದರೆ ಅನುವಾದದ ಎಳೆಯೇ ತಪ್ಪಿಹೋಗುತ್ತದೆ. ಇದನ್ನು ನೀಗಿಸಲು ವಿಮ್‌ನಲ್ಲೇ ಕೀಮ್ಯಾಪ್ ಎಂಬ ಸೌಲಭ್ಯವಿದೆ, ಬರೆಯುವಾಗ ಮಾತ್ರ ಇಂಗ್ಲಿಷ್ ಕೀಲಿಗಳನ್ನು ಕನ್ನಡ ಅಕ್ಷರಗಳಾಗಿಸುತ್ತದೆ. ಅದನ್ನು ನನ್ನ ರೂಢಿಗೆ ಹೊಂದಿಸಲು ಎರಡು ಸಂಜೆ ಕುಳಿತೆ. ಒತ್ತಕ್ಷರಗಳು ಬಂದಾಗಲೆಲ್ಲ ಕೈ ಎಡವಿತು, ಬಿಟ್ಟೆ.

ನ್ಯಾನೋದಲ್ಲಿ ಎರಡು ಸ್ಥಿತಿಗಳಿಲ್ಲ. ತೆರೆದೊಡನೆ ಬರೆಯಬಹುದು. ಮುಖ್ಯ ಆಜ್ಞೆಗಳೆಲ್ಲ ಪರದೆಯ ಕೆಳಗಿನ ಎರಡು ಸಾಲುಗಳಲ್ಲಿ ಸದಾ ಕಾಣುತ್ತಿರುತ್ತವೆ. ಕಂಟ್ರೋಲ್ ಜೊತೆ ‘ಕೆ’ ಒತ್ತಿದರೆ ಸಾಲನ್ನು ಕತ್ತರಿಸುತ್ತದೆ, ‘ಯು’ ಒತ್ತಿದರೆ ಅಂಟಿಸುತ್ತದೆ. ನನ್ನ ಯಂತ್ರದಲ್ಲಿ ಕೀಲಿಮಣೆ ಕನ್ನಡದಲ್ಲಿದ್ದಾಗಲೂ ಇವು ಕೆಲಸ ಮಾಡುತ್ತವೆ. ನನಗೆ ಬೇಕಿದ್ದ ಸರಳತೆ ಇದೇ. ಮಾಡಿದ್ದನ್ನು ರದ್ದುಗೊಳಿಸಲು ಆಲ್ಟ್ ಜೊತೆ ‘ಯು’ ಒತ್ತಬೇಕೆನ್ನುವುದು ಇಂದಿಗೂ ಕೈಗೆ ಹತ್ತಿಲ್ಲ. ಹುಡುಕಾಟಕ್ಕೆ ಎಲ್ಲರಿಗೂ ಪರಿಚಯವಿರುವ ಕಂಟ್ರೋಲ್-ಎಫ್ ಕೂಡ 8ನೆಯ ಆವೃತ್ತಿಯಲ್ಲಷ್ಟೇ ಬಂತು, ಇದು ಬಹಳ ಮೊದಲೇ ಆಗಬೇಕಿತ್ತು.

ಈಗ ಅನುವಾದವೆಲ್ಲ ನ್ಯಾನೋದಲ್ಲಿ ನಡೆಯುತ್ತದೆ. ಇಂಗ್ಲಿಷ್ ಪದಪಟ್ಟಿಗಳನ್ನು ಮಾತ್ರ ವಿಮ್‌ನಲ್ಲೇ ತೆರೆಯುತ್ತೇನೆ.