ಶ್ರೀಶೈಲ ಪಾದಯಾತ್ರೆಯ ದಾಸೋಹ: ಐದಕ್ಕೆ ನಾಲ್ಕೂವರೆ

ಯುಗಾದಿಗೆ ಮುಂಚೆ ನಮ್ಮ ಬಾಗಲಕೋಟೆ, ವಿಜಯಪುರ ಕಡೆಯಿಂದ ಮಲ್ಲಯ್ಯನ ದರ್ಶನಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಭಕ್ತರು ಟೆಂಟ್ ಹಾಕಿ ದಾಸೋಹ ಮಾಡುತ್ತಾರಲ್ಲ, ಅದರ ಬಗ್ಗೆ ಈ ಮಾತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಿಸಿ ಅನ್ನ, ಸಾರು, ತಂಪು ಮಜ್ಜಿಗೆ. ದುಡ್ಡು ಕೇಳುವವರೇ ಇಲ್ಲ! ಒಂದು ರಾತ್ರಿ ಯಾರೋ ಅಜ್ಜ ಬಿಸಿನೀರಿನ ಬಕೆಟ್ ತಂದಿಟ್ಟು 'ಕಾಲ ಇಡಪಾ ತಮ್ಮಾ' ಅಂದಾಗ ಕಣ್ಣು ತುಂಬಿತು.

ಅರ್ಧ ಸ್ಟಾರ್ ಕಡಿತ ಪ್ಲಾಸ್ಟಿಕ್ ಲೋಟಗಳಿಗೆ. ದಾರಿಯಲ್ಲಿ ಸಿಗುವ ನಲ್ಲಮಲ ಹುಲಿಗಳ ಕಾಡು, ಅಲ್ಲಿ ಸುಮ್ನೆ ಎಸೆದು ಹೋಗುವುದಾ? ನಿಮ್ಮದೊಂದು ಸ್ಟೀಲ್ ಲೋಟ ಚೀಲಕ್ಕೆ ಹಾಕಿಕೊಳ್ಳಿ.

ಹೊಸ ಚಪ್ಪಲಿ ಮಾತ್ರ ಬೇಡವೇ ಬೇಡ, ನನಗೆ ಎರಡನೇ ದಿನಕ್ಕೇ ಬೊಬ್ಬೆ ಎದ್ದಿತ್ತು, ಹಳೆಯದೇ ಹಾಕಿ, ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ. ನಸುಕಿನ 3ಕ್ಕೆ ಹೊರಟು 10ರೊಳಗೆ ನೆರಳು ಸೇರಿಬಿಡಿ, ಬಿಸಿಲು ಜಾಸ್ತಿ. ಶ್ರೀಶೈಲ ಹತ್ತಿರವಾದಾಗ ಭೀಮನಕೊಳ್ಳದ ಕಣಿವೆಯಿಂದ ಬೆಟ್ಟದ ಮೇಲಿನ ಕೈಲಾಸದ್ವಾರಕ್ಕೆ ಏರುವಾಗ ಕಾಲು ಸೋತು ಹೋಗುತ್ತದೆ. ಕೋಲು ಇರಲಿ, ನಾಲ್ಕು ಹೆಜ್ಜೆಗೊಮ್ಮೆ ಕೂತರೂ ಯಾರೂ ನಗುವುದಿಲ್ಲ, ಪಕ್ಕದವರೂ ಕೂತೇ ಇರುತ್ತಾರೆ.