ವಿಯೆನ್ನಾದಲ್ಲಿ ಒಬ್ಬ ವಾಸ್ತುಶಿಲ್ಪಿಯ ಜಾಡು ಹಿಡಿದು: ಸ್ಟೆಫಾನ್ಸ್‌ಪ್ಲಾಟ್ಸ್‌ನಿಂದ ಮಿಖಾಯೆಲರ್‌ಪ್ಲಾಟ್ಸ್‌ವರೆಗಿನ ನಡಿಗೆ

ದೂರ ಒಂದು ಕಿಲೋಮೀಟರೂ ಇಲ್ಲ, ಆದರೂ ಎರಡು ಗಂಟೆ ಇಟ್ಟುಕೊಳ್ಳಿ. ಕೆಥೆಡ್ರಲಿನ ಗೋಪುರ ಹತ್ತುವುದಾದರೆ ಮೂರು. ಗೈಡ್‌ಗೆ ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ. ವಾಸ್ತುಶಿಲ್ಪಿ ಹಾನ್ಸ್ ಹೊಲ್ಲೈನ್ ಈ ದಾರಿಯುದ್ದಕ್ಕೂ ಏನೇನು ಮಾಡಿಟ್ಟಿದ್ದಾನೆಂದು ಹುಡುಕುತ್ತ ಹೋದರೆ ಸಾಕು.

ಯು1 ಅಥವಾ ಯು3 ಮೆಟ್ರೊದಿಂದ ಇಳಿದವರೇ ಮೇಲಕ್ಕೆ ಓಡಬೇಡಿ. ನಿಲ್ದಾಣದೊಳಗೇ ಗಾಜಿನ ಕಿಟಕಿಯೊಂದಿದೆ. ಅದರಾಚೆ ಕಾಣುವುದು 1973ರಲ್ಲಿ ಮೆಟ್ರೊ ಅಗೆತದ ವೇಳೆ ಸಿಕ್ಕ ಮಧ್ಯಯುಗದ ವರ್ಜಿಲ್ ಚಾಪೆಲ್.

ಇನ್ನು ಸೇಂಟ್ ಸ್ಟೀಫನ್ ಕೆಥೆಡ್ರಲ್. ಎರಡು ಗೋಪುರ, ಎರಡು ಬೇರೆ ಟಿಕೆಟ್. ಇಲ್ಲೇ ಜನ ಎಡವುವುದು. 136 ಮೀಟರಿನ ದಕ್ಷಿಣ ಗೋಪುರಕ್ಕೆ ಹೊರಗಿನಿಂದ ಪ್ರವೇಶ, 343 ಸುರುಳಿ ಮೆಟ್ಟಿಲು. ಹತ್ತುವವರಿಗೂ ಇಳಿಯುವವರಿಗೂ ಅದೊಂದೇ ದಾರಿ, ದೊಡ್ಡ ಬ್ಯಾಗ್ ಇದ್ದರೆ ಪಜೀತಿ. ಮೇಲೆ ಸಿಗುವುದು ಕಿಟಕಿಗಳಿರುವ ಕೋಣೆ, ತೆರೆದ ಜಾಗವಲ್ಲ. ಲಿಫ್ಟ್ ಇರುವುದು ಉತ್ತರ ಗೋಪುರಕ್ಕೆ, ಚರ್ಚಿನ ಒಳಗಿನಿಂದ. ಎತ್ತರ ಕಡಿಮೆಯಾದರೂ ಮೈಚಾಚಿದ ಬಣ್ಣದ ಹೆಂಚಿನ ಚಾವಣಿ ಅಲ್ಲಿಂದ ಕೈಗೆಟಕುವಷ್ಟು ಹತ್ತಿರ. ಹೆಂಚುಗಳಲ್ಲೇ 1950 ಎಂದು ಬರೆದಿರುವುದನ್ನು ನೋಡಿ. 1945ರ ಬೆಂಕಿಯಲ್ಲಿ ಹಳೆಯ ಮರದ ಮಾಡು ಸುಟ್ಟುಹೋಯಿತು. ಈಗ ಹೆಂಚಿನ ಕೆಳಗಿರುವುದು ಉಕ್ಕಿನ ಚೌಕಟ್ಟು. ಅಂದರೆ ಎದುರಿನ ಗಾಜಿನ ಕಟ್ಟಡವನ್ನು ಬೈಯಲು ಜನ ಆಧಾರವಾಗಿ ಹಿಡಿಯುವ ‘ಹಳತು’ ಕೂಡ ಅಷ್ಟೇನೂ ಹಳತಲ್ಲ.

ಆ ಗಾಜಿನ ಕಟ್ಟಡವೇ ಹೊಲ್ಲೈನ್‌ನ ಹಾಸ್ ಹೌಸ್, 1990ರದ್ದು. ಕೆಥೆಡ್ರಲಿನ ಪ್ರತಿಬಿಂಬ ಬೇಕಿದ್ದರೆ ಮಧ್ಯಾಹ್ನದ ನಂತರ ಬನ್ನಿ. ಚರ್ಚಿನ ಮುಂಭಾಗ ಪಶ್ಚಿಮಕ್ಕಿದೆ, ಬೆಳಿಗ್ಗೆ ಅದು ನೆರಳಲ್ಲಿರುತ್ತದೆ, ಗಾಜಿಗೆ ತೋರಿಸಲು ಏನೂ ಇರುವುದಿಲ್ಲ. ಬಾಗಿದ ಮೈಯಾದ್ದರಿಂದ ಬಿಂಬ ಚೂರುಚೂರಾಗಿ ಬೀಳುತ್ತದೆ. ನೆಟ್ಟಗಿನ ಫೋಟೊ ಸಿಗದು. ಕಲ್ಲು ಮುಗಿದು ಗಾಜು ಶುರುವಾಗುವ ಅಂಚು ಮಾತ್ರ ಸ್ವಲ್ಪ ಗಡಿಬಿಡಿ ಎನಿಸುತ್ತದೆ.

ಮುಂದಿನ ಬೀದಿ ಗ್ರಾಬೆನ್. ಹಾಗೆಂದರೆ ಕಂದಕ; ರೋಮನ್ ಸೈನಿಕ ಶಿಬಿರದ ಕಂದಕ ಇದ್ದದ್ದು ಇಲ್ಲೇ. ಬೀದಿಯ 26ನೇ ನಂಬರಿನಲ್ಲಿ ಹೊಲ್ಲೈನ್ 1974ರಲ್ಲಿ ಶುಲಿನ್ ಆಭರಣದಂಗಡಿಗೆ ಮಾಡಿದ ಮುಖ: ನುಣುಪು ಗ್ರಾನೈಟ್ ಬಿರುಕು ಬಿಟ್ಟು, ಒಳಗಿಂದ ಲೋಹದ ಪದರಗಳು ಉಕ್ಕಿದಂತಿದೆ. ಕೋಲ್‌ಮಾರ್ಕ್ಟ್ ಬೀದಿಗೆ ತಿರುಗಿದರೆ 1965ರಲ್ಲಿ ರೆಟ್ಟಿ ಮೇಣದಬತ್ತಿ ಅಂಗಡಿಗೆ ಅವನೇ ಮಾಡಿದ ಅಲ್ಯೂಮಿನಿಯಂ ಮುಖ. ಎರಡೂ ಕಿರಿದು, ಬೋರ್ಡುಗಳ ಕಡೆ ಕಣ್ಣಿಟ್ಟು ನಡೆದರೆ ತಪ್ಪಿಹೋಗುತ್ತವೆ. ಹಾಸ್ ಹೌಸ್‌ಗಿಂತ ಇವೇ ಗಟ್ಟಿ ಕೆಲಸ.

ಮಿಖಾಯೆಲರ್‌ಪ್ಲಾಟ್ಸ್ ಚೌಕದ ನಡುವೆ ರೋಮನ್ ಅವಶೇಷಗಳ ತೆರೆದ ಗುಂಡಿ. ಅದರ ಕಟ್ಟೆಯೂ ಹೊಲ್ಲೈನ್‌ನದೇ. ಅದಕ್ಕೆ ಬೆನ್ನುಮಾಡಿ ಹೋಫ್‌ಬುರ್ಗ್ ಅರಮನೆಯೆದುರಿನ ಲೋಸ್ ಹೌಸ್ ನೋಡಿ; ಇದು ಹೊಲ್ಲೈನ್‌ನದಲ್ಲ, ವಾಸ್ತುಶಿಲ್ಪಿ ಅಡಾಲ್ಫ್ ಲೋಸ್‌ನದು. ಅಲಂಕಾರವಿಲ್ಲದ ಕಿಟಕಿಗಳಿಗೆ ಆಕ್ಷೇಪವೆದ್ದು 1910ರಲ್ಲಿ ಕೆಲಸ ನಿಂತಿತ್ತು. ಹೂಕುಂಡದ ಪೆಟ್ಟಿಗೆಗಳನ್ನು ಇಟ್ಟು ರಾಜಿಯಾಯಿತು. ಕೆಳಗಿನ ಹಸಿರು ಅಮೃತಶಿಲೆಯ ಗೆರೆಗಳನ್ನು ಹತ್ತಿರದಿಂದ ನೋಡಿದರೆ ಅಲಂಕಾರ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ. ಒಳಗೆ ಬ್ಯಾಂಕ್, ಹಾಗಾಗಿ ವಾರಾಂತ್ಯದಲ್ಲಿ ಹೊರಗಿನಿಂದಷ್ಟೇ.

ವಾಪಸಾಗಲು ಹೆರೆನ್‌ಗಾಸ್ಸೆ ಯು3 ಹತ್ತಿರ. ಆ ಬೀದಿಯಲ್ಲೇ 1932ರ 16 ಅಂತಸ್ತಿನ ಕಟ್ಟಡವೊಂದಿದೆ. ಮೇಲಿನ ಅಂತಸ್ತುಗಳನ್ನು ಹಿಂದಕ್ಕೆ ಸರಿಸಿ ಕಟ್ಟಿರುವುದರಿಂದ ಕೆಳಗೆ ನಿಂತವರಿಗೆ ಅದರ ಎತ್ತರ ಗೊತ್ತಾಗುವುದೇ ಇಲ್ಲ. ಎದುರು ಬದಿಗೆ ದಾಟಿ ಕತ್ತೆತ್ತಿ.